ಎದೆಪಟ್ಟಿ ನಿದಾನ ಪ್ರಕರಣ

ಓಡುವಾಗ, ಸೈಕಲ್ ತುಳಿಯುವಾಗ ಎದೆಯ ಸುತ್ತ ಬಿಗಿದುಕೊಂಡಿದ್ದು, ಹೃದಯ ನಿಮಿಷಕ್ಕೆಷ್ಟು ಸಲ ಬಡಿಯಿತೆಂಬುದನ್ನು ಕೈಗಡಿಯಾರಕ್ಕೋ ಮೊಬೈಲಿಗೋ ತಿಳಿಸುವ, ತಿಳಿಸಬೇಕಾದ ಹೊತ್ತಿಗೆ ತಿಳಿಸದಿರುವ ವಸ್ತುವೇ ಎದೆಪಟ್ಟಿ. ಇದು ಲಕ್ಷಣ. ಇದರ ಉತ್ತರಾರ್ಧಕ್ಕೆ ಅತಿವ್ಯಾಪ್ತಿ ದೋಷವಿದೆಯೆಂದು ತಾರ್ಕಿಕರು ಆಕ್ಷೇಪಿಸುವರು. ತಿಳಿಸಬೇಕಾದಾಗ ತಿಳಿಸದಿರುವುದು ಬಸ್ ನಿಲ್ದಾಣದ ವಿಚಾರಣೆ ಕೌಂಟರಿಗೂ ಸಲ್ಲುತ್ತದಲ್ಲ ಎನ್ನುವರು. ಸಲ್ಲಲಿ. ಆ ಕೌಂಟರನ್ನು ಯಾರೂ ಎದೆಗೆ ಕಟ್ಟಿಕೊಳ್ಳುವುದಿಲ್ಲವಾದ್ದರಿಂದ ಲಕ್ಷಣಕ್ಕೆ ಬಾಧೆಯಿಲ್ಲ.

ಪಟ್ಟಿಗೆ ಅಂಗಗಳು ನಾಲ್ಕು. ಎಲಾಸ್ಟಿಕ್ ಬಟ್ಟೆ ಒಂದು. ಅದರ ಒಳಮೈಯಲ್ಲಿ ಎಡಕ್ಕೂ ಬಲಕ್ಕೂ ಇರುವ, ವಿದ್ಯುತ್ ಹರಿಯಬಲ್ಲ ಕಪ್ಪು ರಬ್ಬರಿನ ಅಥವಾ ಬೆಳ್ಳಿಲೇಪದ ನೂಲಿನ ತೇಪೆಗಳು ಎರಡನೆಯದು. ಹೊರಮೈಯ ಎರಡು ಟಿಚ್ ಬಟನ್ ಮೂರನೆಯದು. ಆ ಬಟನ್‌ಗಳ ಮೇಲೆ ಟಿಕ್ಕೆಂದು ಕೂರುವ, ಹೊಟ್ಟೆಯಲ್ಲಿ ಸೆಲ್ಲು ಹೊತ್ತ ಪ್ಲಾಸ್ಟಿಕ್ ಡಬ್ಬಿ ನಾಲ್ಕನೆಯದು. ಕೊಂಡ ಬೆಲೆಯೆಲ್ಲ ಡಬ್ಬಿಯಲ್ಲಿದೆ, ಬರುವ ರೋಗವೆಲ್ಲ ಉಳಿದ ಮೂರರಲ್ಲಿದೆ. ಹೀಗಿದ್ದೂ ಪಟ್ಟಿ ಕೆಟ್ಟಾಗ ಜನ ಮೊದಲು ಬಿಚ್ಚುವುದು ಡಬ್ಬಿಯನ್ನೇ.

ಈ ಪ್ರಕರಣಕ್ಕೆ ಕಾಸರಗೋಡು ಜಿಲ್ಲೆಯಲ್ಲಿ, ಅಂದರೆ ತಲಪಾಡಿಯಿಂದ ತೃಕ್ಕರಿಪುರದ ವರೆಗಷ್ಟೇ ಪ್ರಾಮಾಣ್ಯ. ವೈದ್ಯಶಾಸ್ತ್ರದಂತೆ ಇಲ್ಲಿಯೂ ದೇಶಕಾಲಗಳನ್ನು ನೋಡಿಯೇ ನಿದಾನ ಹೇಳಬೇಕು. ತಂತಿಯಿಲ್ಲದೆ ಬಡಿತ ಎಣಿಸುವ ಉಪಕರಣದ ತೌರುಮನೆ ಫಿನ್‌ಲ್ಯಾಂಡ್. ಅಲ್ಲಿನ ಸೆಪ್ಪೊ ಸೈನಯಾಕಂಗಸ್ ಎಂಬ ಪ್ರಾಧ್ಯಾಪಕರು 1977ರಲ್ಲಿ ಪೋಲಾರ್ ಕಂಪೆನಿ ಕಟ್ಟಿದರು. 1982ರಲ್ಲಿ ಮೈಮೇಲೆ ಧರಿಸುವ ಮೊದಲ ನಿಸ್ತಂತು ಯಂತ್ರ ಹೊರಬಂತು. ಹಿಮದ ಮೇಲೆ ಜಾರುವ ಆಟಗಾರರ ಎದೆಗೆಂದು ಹುಟ್ಟಿದ ವಸ್ತು ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಸುರಿಯುವ, ಒಂದು ಕಡೆ ಉಪ್ಪುಗಾಳಿ ಇನ್ನೊಂದು ಕಡೆ ಅಡಿಕೆ ತೋಟದ ತಂಪು ಇರುವ ನಾಡಿಗೆ ಬಂದಮೇಲೆ ಅದರ ರೋಗಗಳೂ ಬೇರೆಯಾಗದೆ ಇರಲಾರವು. ಪೊಟ್ಟಣದೊಳಗೆ ಮಡಚಿಟ್ಟ ಕೈಪಿಡಿಯಲ್ಲಿ ಮಳೆಗಾಲದ ಆಟಿ ತಿಂಗಳ ಪ್ರಸ್ತಾಪವಿರುವುದಿಲ್ಲ.

ಪೂರ್ವಾಚಾರ್ಯರ ಮತ ಹೇಳದೆ ಮುಂದುವರಿಯುವುದು ಸಂಪ್ರದಾಯವಲ್ಲ. ಶಾರ್ಙ್ಗಧರ ಸಂಹಿತೆಯಲ್ಲಿ ನಾಡಿ ವಾತದಿಂದ ಹಾವು, ಜಿಗಣೆಯ ಗತಿಯಲ್ಲೂ ಪಿತ್ತದಿಂದ ಕಾಗೆ, ಕಪ್ಪೆಯ ಗತಿಯಲ್ಲೂ ಕಫದಿಂದ ಹಂಸ, ಪಾರಿವಾಳದ ಗತಿಯಲ್ಲೂ ನಡೆಯುತ್ತದೆಂದಿದೆ. ಈಗಿನ ಪಟ್ಟಿಗಳಿಗೆ ಇಷ್ಟು ಪ್ರಾಣಿಪರಿಚಯವಿಲ್ಲ. ಅವು 142 ಎಂದಷ್ಟೇ ಹೇಳಬಲ್ಲವು. ಕೆಟ್ಟ ಪಟ್ಟಿ ಮಾತ್ರ ನಿಮಿಷದೊಳಗೆ ಕಪ್ಪೆಯಾಗಿ ಹಾರಿ ಹಾವಾಗಿ ಹರಿದು ಸಂಹಿತೆಗೆ ಹತ್ತಿರ ಬರುತ್ತದೆ.

ಪಾಶ್ಚಾತ್ಯರಲ್ಲಿ ಆದ್ಯರು ಲಂಡನ್ನಿನ ಆಗಸ್ಟಸ್ ವಾಲರ್. ಎದೆ ಸೀಳದೆ, ಹೊರಗಿನಿಂದಲೇ ಮನುಷ್ಯಹೃದಯದ ವಿದ್ಯುತ್ತನ್ನು 1887ರಲ್ಲಿ ದಾಖಲಿಸಿದವರು ಅವರು. ಸಭೆಗಳಲ್ಲಿ ತೋರಿಸಲು ಜಿಮ್ಮಿ ಎಂಬ ತಮ್ಮ ಬುಲ್‌ಡಾಗ್ ನಾಯಿಯನ್ನು ಕರೆದೊಯ್ಯುತ್ತಿದ್ದರು. ಜಿಮ್ಮಿ ಉಪ್ಪುನೀರಿನ ಪಾತ್ರೆಗಳಲ್ಲಿ ಕಾಲಿಟ್ಟು ಸುಮ್ಮನೆ ನಿಲ್ಲುತ್ತಿತ್ತು, ಅದರ ಎದೆಬಡಿತ ಯಂತ್ರದಲ್ಲಿ ಕಾಣುತ್ತಿತ್ತು. 1909ರಲ್ಲಿ ಇಂಥದೊಂದು ಪ್ರದರ್ಶನ ನಡೆದಾಗ ಪ್ರಾಣಿಹಿಂಸೆಯೆಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿತು. ಬೆರೆಸಿದ್ದು ಅಡುಗೆ ಉಪ್ಪು, ಕಡಲಲ್ಲಿ ಕಾಲಾಡಿಸಿದವರಿಗೆ ಆ ಅನುಭವ ಗೊತ್ತೇ ಇರುತ್ತದೆ ಎಂಬರ್ಥದ ಉತ್ತರವನ್ನು ಗೃಹಮಂತ್ರಿಗಳು ಕೊಟ್ಟರು. ಭಾನುವಾರ ಸಂಜೆ ಬೇಕಲದ ಕಡಲಲ್ಲಿ ಪಂಚೆ ಎತ್ತಿ ನಿಲ್ಲುವ ನಮ್ಮವರೆಲ್ಲ ಆ ಲೆಕ್ಕದಲ್ಲಿ ಜಿಮ್ಮಿಯ ಶಿಷ್ಯರು, ಯಂತ್ರವೊಂದು ಜೋಡಿಸಿಲ್ಲ ಅಷ್ಟೆ. ಅನಂತರ ಲೈಡನ್ನಿನ ಐಂಥೋವನ್ ಇದನ್ನೇ ಶಾಸ್ತ್ರವಾಗಿಸಿ 1924ರ ನೊಬೆಲ್ ಪಡೆದರು. ಅವರ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು, ನಡೆಸಲು ಐದು ಜನ ಬೇಕಿತ್ತು, ರೋಗಿ ಎರಡು ಕೈ ಒಂದು ಕಾಲನ್ನು ಉಪ್ಪುನೀರಿನ ಜಾಡಿಗಳಲ್ಲಿ ಇಳಿಬಿಟ್ಟು ಕೂರಬೇಕಿತ್ತು.

ಇಷ್ಟರಿಂದ ಸಿದ್ಧಾಂತ ಸ್ಪಷ್ಟ. ಹೃದಯದ ವಿದ್ಯುತ್ತು ಎದೆಯ ಚರ್ಮದ ಮೇಲೆ ಸಿಗುವುದು ಸುಮಾರು ಒಂದು ಮಿಲಿವೋಲ್ಟಿನಷ್ಟು. ಒಣಚರ್ಮದ ಮೇಲ್ಪದರ ಅದನ್ನು ಹೊರಗೆ ಬಿಡಲೊಲ್ಲದು. ಉಪ್ಪುನೀರು ನಡುವೆ ಬಂದರೆ ದಾರಿಯಾಗುತ್ತದೆ. ಯಂತ್ರ 270 ಕಿಲೋದಿಂದ ಕೆಲವೇ ಗ್ರಾಂಗೆ ಇಳಿದರೂ ಜಾಡಿಯ ಅಗತ್ಯ ತಪ್ಪಿಲ್ಲ. ಈಗ ಆ ಜಾಡಿಯ ಕೆಲಸ ಮಾಡುವುದು ನಮ್ಮ ಬೆವರು. ಪಟ್ಟಿ ಮಾತಾಡುವುದು ಈ ಉಪ್ಪಿನ ದಯೆಯಿಂದ, ಕೆಡುವುದೂ ಇದೇ ಉಪ್ಪಿನಿಂದ: ಹೊರಡುವಾಗ ಸಾಲದೆ, ಹಿಂತಿರುಗಿದ ಮೇಲೆ ಒಣಗದೆ. ಮುಂದಿನ ವರ್ಗಗಳಲ್ಲಿ ಹೆಚ್ಚಿನವು ಈ ಎರಡು ಹೊತ್ತುಗಳ ಸಂತಾನ.

ಮುಖ್ಯ ಭೇದ ಎರಡು: ಮೌನಿ ಪಟ್ಟಿ, ಮಿಥ್ಯಾವಾದಿ ಪಟ್ಟಿ. ಆಗೊಮ್ಮೆ ಈಗೊಮ್ಮೆ ಮಾತಾಡುವುದನ್ನು ಮೂರನೆಯದಾಗಿ ಎಣಿಸುವವರಿದ್ದಾರೆ. ನಮ್ಮ ಮತದಲ್ಲಿ ಅದು ಮೌನದ ಪ್ರಥಮಾವಸ್ಥೆ.

ಮೌನಿಗಳಲ್ಲಿ ಶುಷ್ಕಮೌನಿ ಮೊದಲನೆಯದು. ಕಟ್ಟುವಾಗ ತೇಪೆ ಒಣಗಿದೆ, ಎದೆಯೂ ಒಣಗಿದೆ, ಗಡಿಯಾರದಲ್ಲಿ ಎರಡು ಅಡ್ಡಗೆರೆ ಮಾತ್ರ. ಬೆಂಗಳೂರಿನಲ್ಲಿ ಮಾಗಿಯ ಬೆಳಗ್ಗೆ ಈ ರೋಗ ಬಹಳ ಹೊತ್ತು ಕಾಡಬಹುದು. ಕಾಸರಗೋಡಿನಲ್ಲಿ ಇದಕ್ಕೆ ಆಯುಸ್ಸು ಕಡಿಮೆ: ಮುರಕಲ್ಲಿನ ಗುಡ್ಡವೊಂದರ ಏರು ಮುಗಿಯುವುದರೊಳಗೆ ಬೆವರು ಕಿತ್ತು ತಾನಾಗಿ ವಾಸಿಯಾಗುತ್ತದೆ. ಕಾಯಲಾರದವರು ತೇಪೆಗೆ ನೀರು ಹಚ್ಚಬೇಕು. ಚಿಟಿಕೆ ಉಪ್ಪು ಬೆರೆಸಿದ ನೀರು ಉತ್ತಮ. ಸ್ಕ್ಯಾನಿಂಗಿಗೆ ಬಳಸುವ ಜೆಲ್ ಇನ್ನೂ ಉತ್ತಮ, ಬೇಗ ಒಣಗುವುದಿಲ್ಲ. ಸೈಕಲಿನವರಲ್ಲಿ ಪಟ್ಟಿಯನ್ನು ನೆಕ್ಕಿಯೇ ಕಟ್ಟಿಕೊಳ್ಳುವ ಪಂಥವೊಂದಿದೆ. ಶಾಸ್ತ್ರದ ದೃಷ್ಟಿಯಿಂದ ಅವರು ಸರಿ, ಎಂಜಲಿನಲ್ಲೂ ಲವಣವಿದೆ. ಮಡಿಯ ದೃಷ್ಟಿಯನ್ನು ಈ ಗ್ರಂಥ ವಿಚಾರಿಸುವುದಿಲ್ಲ.

ಎರಡನೆಯದು ಶುಷ್ಕಕ್ಕೆ ಹತ್ತಿರದ ತೈಲಾವೃತಮೌನಿ, ಕಾಸರಗೋಡಿನ ವಿಶೇಷ. ತೆಂಗಿನ ಸಂಶೋಧನೆಗೆಂದು 1916ರಿಂದಲೇ ಕೇಂದ್ರವಿರುವ ನಾಡು ಇದು. ತಲೆಯಿಂದ ಕಾಲಿನ ವರೆಗೆ ತೆಂಗಿನೆಣ್ಣೆ ಹಚ್ಚಿ ಮೀಯುವ ಅಭ್ಯಾಸ ಇನ್ನೂ ಬಿಟ್ಟುಹೋಗಿಲ್ಲ. ಎಣ್ಣೆ ವಿದ್ಯುತ್ತನ್ನು ಬಿಡದು. ಮಿಂದು ಒರಸಿದರೂ ಎದೆಯಲ್ಲಿ ಉಳಿಯುವ ತೆಳುಪದರ ಸಾಕು, ಪಟ್ಟಿ ಬಾಯಿ ಮುಚ್ಚುತ್ತದೆ. ಬೆವರು ಬಂದರೂ ಎಣ್ಣೆಯ ಮೇಲೆ ಹನಿಹನಿಯಾಗಿ ನಿಲ್ಲುತ್ತದೆ. ಬಿಸಿಲಿಗೆ ಹಚ್ಚುವ ಕ್ರೀಮಿನದೂ ಇದೇ ಗುಣ. ಪಟ್ಟಿ ತಾಗುವಲ್ಲಿ ಸೋಪು ಹಾಕಿ ತೊಳೆದುಕೊಳ್ಳುವುದೇ ಮದ್ದು. ಎಣ್ಣೆ ಬಿಡಬೇಕೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿ ಈ ಜಿಲ್ಲೆಯಲ್ಲಿ ಗ್ರಂಥ ಮಾರುವುದು ಕಷ್ಟ.

ಮೂರನೆಯದು ಅನ್ಯಾಸಕ್ತಮೌನಿ. ಪಟ್ಟಿ ಗಂಡನ ಎದೆಯಲ್ಲಿ, ಸಂಬಂಧ ಹೆಂಡತಿಯ ಮೊಬೈಲಿನಲ್ಲಿ. ಹಳೆಯ ಪಟ್ಟಿಗಳು ಬ್ಲೂಟೂತಿನಲ್ಲಿ ಒಬ್ಬರೊಡನೆ ಮಾತ್ರ ಮಾತಾಡಬಲ್ಲವು, ಹೊಸವು ಹೆಚ್ಚಾಗಿ ಇಬ್ಬರೊಡನೆ. ಜಗಲಿಯಲ್ಲಿ ಕಟ್ಟಿಕೊಂಡೊಡನೆ ಒಳಗೆ ಚಾರ್ಜಿಗಿಟ್ಟ ಫೋನು ಅದನ್ನು ಹಿಡಿದುಬಿಡುತ್ತದೆ, ಕೈಗಡಿಯಾರ ಹುಡುಕುತ್ತಲೇ ಇರುತ್ತದೆ. ಆಂಟ್ ಪ್ಲಸ್ ಎಂಬ ಇನ್ನೊಂದು ಭಾಷೆಯೂ ಹಲವು ಪಟ್ಟಿಗಳಿಗೆ ಗೊತ್ತು. ಅದರಲ್ಲಿ ಸಂಸಾರಬಂಧನವಿಲ್ಲ, ಕೇಳಬಲ್ಲವರೆಲ್ಲ ಕೇಳಬಹುದು. ಆದರೆ ಹೆಚ್ಚಿನ ಮೊಬೈಲುಗಳಿಗೆ ಆ ಭಾಷೆ ಬಾರದು. ಸಪ್ತಭಾಷೆಗಳ ನಾಡೆಂದು ಹೆಸರಾದ, ಮೀನು ಮಾರುವವರೂ ನಾಲ್ಕು ಭಾಷೆಯಲ್ಲಿ ಚೌಕಾಸಿ ನಡೆಸುವ ಜಿಲ್ಲೆಯಲ್ಲಿ ಸಾವಿರಾರು ರೂಪಾಯಿಯ ಫೋನು ಏಕಭಾಷಿಯಾಗಿರುವುದು ವಿಷಾದದ ಸಂಗತಿ.

ಇಲ್ಲೊಂದು ಸೂಕ್ಷ್ಮವಿದೆ. ಮನೆಯಲ್ಲಿ ಮೌನವಾಗಿದ್ದ ಪಟ್ಟಿ ಗೇಟು ದಾಟಿ ಸ್ವಲ್ಪ ದೂರ ಹೋದೊಡನೆ ಮಾತಾಡುತ್ತದೆ. ಬೆವರು ಬಂತು, ಶುಷ್ಕದೋಷ ಕಳೆಯಿತು ಎಂದು ಒಂದು ಪಕ್ಷ. ಮನೆಯ ಫೋನಿನ ವ್ಯಾಪ್ತಿ ಮೀರಿತು, ಆಸಕ್ತಿ ಕಡಿದುಹೋಯಿತು ಎಂದು ಇನ್ನೊಂದು. ರೋಗಚಿಹ್ನೆ ಒಂದೇ, ಕಾರಣ ಎರಡು. ಎಷ್ಟೋ ಜನ ವರ್ಷಗಟ್ಟಲೆ ನೀರು ಹಚ್ಚುತ್ತಲೇ ಇದ್ದು ದೋಷ ಪಕ್ಕದ ಕೋಣೆಯಲ್ಲಿದೆಯೆಂದು ತಿಳಿಯದೆ ಹೋಗುವುದು ಹೀಗೆಯೇ. ಪರಿಹಾರಕ್ಕೆ ಅನ್ವಯ, ವ್ಯತಿರೇಕ ಎರಡೂ ಬೇಕು. ಮನೆಯೊಳಗೇ ತೇಪೆಯನ್ನು ಚೆನ್ನಾಗಿ ಒದ್ದೆ ಮಾಡಿ ನೋಡುವುದು. ಆಗಲೂ ಮೌನವಾದರೆ ಮನೆಯವರ ಫೋನುಗಳ ಬ್ಲೂಟೂತ್ ಆರಿಸಿ ನೋಡುವುದು. ಎರಡನ್ನೂ ಒಟ್ಟಿಗೆ ಮಾಡಿದರೆ ಪಟ್ಟಿ ಸರಿಯಾದೀತು, ಜ್ಞಾನ ಸಿಗದು.

ನಾಲ್ಕನೆಯದು ಕ್ಷೀಣಕೋಶ. ಸೆಲ್ಲಿನ ಮೇಲೆ 2032 ಎಂದೋ 2025 ಎಂದೋ ಕೊರೆದಿರುತ್ತದೆ. ಇದು ಶಕವರ್ಷವಲ್ಲ, ಮುಗಿಯುವ ದಿನಾಂಕವೂ ಅಲ್ಲ. ಕಾಲನಿರ್ಣಯದ ಸಂಶೋಧನೆಯಲ್ಲಿ ಆಯುಸ್ಸು ಸವೆಸಿದ ಗೋವಿಂದ ಪೈಗಳ ಮಂಜೇಶ್ವರ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ಸಂಖ್ಯೆಯನ್ನು ಬಿಡಿಸಿಯೇ ಹೇಳುತ್ತೇವೆ: ಮೊದಲೆರಡು ಅಂಕಿ ಅಡ್ಡಳತೆ, 20 ಮಿ.ಮೀ.; ಕೊನೆಯೆರಡು ದಪ್ಪ, 3.2 ಅಥವಾ 2.5 ಮಿ.ಮೀ. ದಪ್ಪನೆಯದರ ಜಾಗಕ್ಕೆ ತೆಳುವನ್ನು ಹಾಕಿದರೆ ಡಬ್ಬಿ ಅಲುಗಿದಾಗಲೆಲ್ಲ ಸಂಪರ್ಕ ತಪ್ಪುತ್ತದೆ. ಮಲ್ಟಿಮೀಟರಿನಲ್ಲಿ ಮೂರು ವೋಲ್ಟು ತೋರಿಸಿತೆಂದು ಸೆಲ್ಲನ್ನು ನಂಬಬಾರದು. ಕೆಲಸವಿಲ್ಲದಾಗ ಮೂರು ತೋರಿಸಿ ಕೆಲಸ ಹೇಳಿದೊಡನೆ ಕುಸಿಯುವ ಸೆಲ್ಲುಗಳುಂಟು. ಮಕ್ಕಳು ನುಂಗದಿರಲೆಂದು ಕೆಲವು ತಯಾರಕರು ಸೆಲ್ಲಿಗೆ ಕಹಿ ಲೇಪ ಕೊಡುತ್ತಾರೆ. ಒಳ್ಳೆಯ ಕೆಲಸವೇ, ನುಂಗಿದ ಸೆಲ್ಲು ಗಂಟೆಗಳಲ್ಲಿ ಅನ್ನನಾಳ ಸುಡಬಲ್ಲದು. ಆದರೆ ಆ ಲೇಪ ಲೋಹದ ನಾಲಗೆಗೆ ಸರಿಯಾಗಿ ಅಡ್ಡ ಬಂದರೆ ಹೊಚ್ಚಹೊಸ ಸೆಲ್ಲೂ ಸತ್ತಂತೆ ಕಾಣುತ್ತದೆ. ಬಟ್ಟೆಯಿಂದ ಒರಸಿ ಹಾಕಬೇಕು. ಸೆಲ್ಲು ತೆಗೆದು ಕೆಲವು ನಿಮಿಷ ಸುಮ್ಮನಿಟ್ಟರೆ ಒಳಗೆ ಉಳಿದ ಚೂರುಪಾರು ವಿದ್ಯುತ್ತು ಇಳಿದು ಡಬ್ಬಿ ಹೊಸದಾಗಿ ಏಳುತ್ತದೆ. ಅದರಿಂದಲೇ ವಾಸಿಯಾಗುವ ಮೌನಗಳೂ ಇವೆ. ಮುಚ್ಚಳದ ಅಂಚಿನ ರಬ್ಬರ್ ಉಂಗುರ ಬಿದ್ದುಹೋಗದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಮುಂದಿನ ಮಳೆ ಡಬ್ಬಿಯೊಳಗೇ. ಮುಚ್ಚಳ ತಿರುಗಿಸಲು ನಾಣ್ಯ ಬೇಕು. ಫೋನಿನಲ್ಲೇ ಹಣ ಕೊಡುವ ಈ ಕಾಲದಲ್ಲಿ ಚಿಕಿತ್ಸೆಯ ಅತ್ಯಂತ ಕಷ್ಟದ ಹಂತ ಇದು.

ಐದನೆಯದು ಕಿಲುಬುಮೌನಿ. ಪ್ರಕರಣದ ರಾಜರೋಗವಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ಆಷಾಢದ ಒಂದು ಬೆಳಗ್ಗೆ ಚಂದ್ರಗಿರಿ ಸೇತುವೆ ದಾಟಿ ಬೇಕಲದ ವರೆಗೆ ಹೋಗಿ, ಅರ್ಧ ಮಳೆ ಅರ್ಧ ಬೆವರಿನಲ್ಲಿ ತೊಯ್ದು ಬಂದವನು ಪಟ್ಟಿಯನ್ನು ಬಿಚ್ಚಿ ಎಲ್ಲಿಡುತ್ತಾನೆ? ಬಾಗಿಲ ಹಿಂದಿನ ಮೊಳೆಗೆ ನೇತುಹಾಕುತ್ತಾನೆ. ಡಬ್ಬಿ ಅದರಲ್ಲೇ ಇದೆ. ಒದ್ದೆ ಪಟ್ಟಿ ಎರಡು ಬಟನ್‌ಗಳ ನಡುವೆ ವಿದ್ಯುತ್ತಿಗೆ ದಾರಿ ಕೊಡುವುದರಿಂದ ಡಬ್ಬಿ ತಾನಿನ್ನೂ ಯಾರದೋ ಎದೆಯ ಮೇಲಿದ್ದೇನೆಂದು ಭಾವಿಸಿ ಎಚ್ಚರವಾಗಿಯೇ ಇರುತ್ತದೆ, ರಾತ್ರಿಯಿಡೀ ಬಾಗಿಲಿನ ಬಡಿತ ಹುಡುಕುತ್ತದೆ. ಸೆಲ್ಲು ಸವೆಯುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ಲೋಹದ ಬಟನ್, ಉಪ್ಪುನೀರು, ಅಲ್ಪ ವಿದ್ಯುತ್ತು, ಈ ಮೂರೂ ಸೇರಿದಲ್ಲಿ ಕಿಲುಬು ಹುಟ್ಟುತ್ತದೆ. ಬೇಸಗೆಯಾದರೆ ಗಂಟೆಯೊಳಗೆ ಒಣಗಿ ಆಟ ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಚಾಪೆಗೂ ಚಪ್ಪಲಿಗೂ ಬೂಸ್ಟು ಹಿಡಿಯುವ ಮನೆಯಲ್ಲಿ ಪಟ್ಟಿ ವಾರವಾದರೂ ತೇವವಾಗಿಯೇ ಇರುತ್ತದೆ. ಮೊದಲು ಬಟನ್‌ನ ಅಂಚಿನಲ್ಲಿ ಹಸುರು ಗೆರೆ, ಆಮೇಲೆ ಡಬ್ಬಿಯ ಹಿಂಬದಿಯ ಗುಳಿಯಲ್ಲಿ ಕಪ್ಪು ಕಲೆ, ಕೊನೆಗೆ ಮೌನ. ಹೊಸ ಸೆಲ್ಲು ಹಾಕಿದರೂ ಮೌನ. ಇಲ್ಲಿಯೇ ಜನ ಡಬ್ಬಿ ಸತ್ತಿತೆಂದು ನಿಶ್ಚಯಿಸಿ ಹೊಸದಕ್ಕೆ ಆರ್ಡರ್ ಮಾಡುವುದು.

ಚಿಕಿತ್ಸೆ: ಡಬ್ಬಿಯನ್ನು ಬೇರ್ಪಡಿಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನ ತುದಿಗೆ ಲಿಂಬೆರಸ ಅಥವಾ ಹುಣಸೆಹುಳಿ ಹಚ್ಚಿ ಬಟನ್‌ಗಳನ್ನೂ ಗುಳಿಗಳನ್ನೂ ಉಜ್ಜುವುದು. ಹಿತ್ತಾಳೆ ದೀಪಕ್ಕೆ ಬಿಂಬುಳಿ ತಿಕ್ಕುವ ಮನೆಗಳಲ್ಲಿ ಅದೂ ನಡೆಯುತ್ತದೆ. ಹುಳಿ ಲೋಹಕ್ಕೆ ಮಾತ್ರ, ಬೆಳ್ಳಿಲೇಪದ ತೇಪೆಗೆ ತಾಗಬಾರದು. ಕೂಡಲೇ ಒದ್ದೆಬಟ್ಟೆಯಿಂದ ಹುಳಿಯನ್ನು ಪೂರ್ತಿ ಒರಸಿ ತೆಗೆಯಬೇಕು, ಉಳಿದರೆ ಅದೇ ಹೊಸ ಕಿಲುಬಿಗೆ ಬೀಜ. ಪಟ್ಟಿಯನ್ನು ಸೌಮ್ಯ ಸೋಪಿನ ನೀರಿನಲ್ಲಿ ಅದ್ದಿ, ಹಿಸುಕಿ, ಹಿಂಡದೆ, ನೆರಳಲ್ಲಿ ಹರಡಬೇಕು.

ಎಲ್ಲಿ ಹರಡಬೇಕೆಂಬಲ್ಲಿ ಮತಭೇದವಿದೆ. ಒಲೆಯ ಮೇಲಿನ ಅಟ್ಟದಲ್ಲಿ ಕೊಬ್ಬರಿಯ ಪಕ್ಕ ಇಡುವವರನ್ನು ಪ್ರಾಚೀನರೆನ್ನಬಹುದು. ಕೊಬ್ಬರಿ ಒಣಗುತ್ತದೆ, ಎಲಾಸ್ಟಿಕ್ ಸುಕ್ಕಾಗುತ್ತದೆ. ಫ್ರಿಜ್ಜಿನ ಹಿಂಬದಿಗೆ ತೂಗುವವರು ಮಧ್ಯಮರು. ಫ್ಯಾನಿನ ಗಾಳಿಗಿಡುವ ನವೀನರ ಮತ ನಮಗೂ ಒಪ್ಪಿಗೆ, ಕರೆಂಟು ಇರುವ ತನಕ. ಮೂರು ಮತಗಳಿಗೂ ಸಮಾನವಾದ ವಿಧಿಯೊಂದೇ: ಮನೆಗೆ ಬಂದವನು ಚಹಾ ಕುಡಿಯುವ ಮೊದಲೇ ಡಬ್ಬಿಯನ್ನು ಕಿತ್ತು ಒರಸಿ ಬೇರೆ ಇಡುವುದು. ಇಷ್ಟು ಮಾಡಿದವರ ಪಟ್ಟಿಗಳು ಆಟಿಯನ್ನೂ ಸೋಣೆಯನ್ನೂ ದಾಟಿದ್ದನ್ನು ಕಂಡಿದ್ದೇವೆ.

ಆರನೆಯದಾದ ಛಿನ್ನತಂತು ನಿಜವಾಗಿ ಸತ್ತ ಪಟ್ಟಿ. ತೇಪೆಯಿಂದ ಬಟನ್‌ಗೆ ಹೋಗುವ ದಾರಿ ಒಳಗೇ ತುಂಡಾಗಿರುತ್ತದೆ, ಹೆಚ್ಚಾಗಿ ಹಿಂಡಿದ್ದರಿಂದ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬಟನ್‌ಗೆ, ಇನ್ನೊಂದನ್ನು ಅದೇ ಬದಿಯ ತೇಪೆಗೆ ಹಿಡಿದರೆ ಸಂಪರ್ಕ ಕಾಣಬೇಕು. ಒಣಗಿದ ಪಟ್ಟಿಯಲ್ಲಿ ಎಡದಿಂದ ಬಲಕ್ಕೆ ಕಾಣಬಾರದು. ಪರೀಕ್ಷೆಯಲ್ಲಿ ಸೋತರೆ ಬಟ್ಟೆಯ ಭಾಗವನ್ನಷ್ಟೇ ಹೊಸದು ಕೊಳ್ಳುವುದು. ಹೆಚ್ಚಿನ ತಯಾರಕರು ಅದನ್ನು ಬೇರೆಯಾಗಿ ಮಾರುತ್ತಾರೆ, ದೊಡ್ಡ ಅಕ್ಷರದಲ್ಲಿ ಹೇಳುವುದಿಲ್ಲ.

ಇನ್ನು ಮಿಥ್ಯಾವಾದಿಗಳು. ಪೊಸಡಿಗುಂಪೆಯ ಕಡೆಯಿಂದ ಇಳಿಯುವಾಗ ಕಾಲಿಗೆ ಕೆಲಸವಿಲ್ಲ, ಉಸಿರು ಶಾಂತ, ಗಡಿಯಾರ ಮಾತ್ರ 220 ಎನ್ನುತ್ತದೆ. ಗಾಳಿಗೆ ಪಟಪಟ ಬಡಿಯುವ ಪಾಲಿಯೆಸ್ಟರ್ ಅಂಗಿ ಒಣ ಪಟ್ಟಿಗೆ ಉಜ್ಜಿ ಹುಟ್ಟಿಸುವ ಸ್ಥಿರವಿದ್ಯುತ್ತನ್ನು ಡಬ್ಬಿ ಹೃದಯವೆಂದು ಎಣಿಸಿದ್ದರ ಫಲ ಇದು. ಮನುಷ್ಯನ ಗರಿಷ್ಠ ಬಡಿತ 220ರಿಂದ ವಯಸ್ಸು ಕಳೆದಷ್ಟು ಎಂದು ವ್ಯಾಯಾಮಶಾಲೆಯ ಗೋಡೆಗಳಲ್ಲಿ ಬರೆದಿರುತ್ತದೆ, ಸ್ಥೂಲವಾದ ಸೂತ್ರ. ಅದನ್ನು ತಿರುಗಿಸಿ ಲೆಕ್ಕ ಹಾಕಿದರೆ 220 ಕಂಡವನ ವಯಸ್ಸು ಸೊನ್ನೆ. ಅರುವತ್ತು ದಾಟಿದ ಮಾಷ್ಟ್ರೊಬ್ಬರು ಗುಡ್ಡ ಇಳಿಯುವಷ್ಟರಲ್ಲಿ ನವಜಾತರಾಗುವುದು ಕಾಯಕಲ್ಪ ಚಿಕಿತ್ಸೆಗೂ ಸಾಧ್ಯವಿಲ್ಲದ ಮಾತು. ನಮ್ಮಲ್ಲಿ ಈ ದೋಷ ಮಕರ, ಕುಂಭ ಮಾಸಗಳ ಒಣಹವೆಗಷ್ಟೇ ಸೀಮಿತ. ಅಂಗಿಯ ಎದೆಭಾಗಕ್ಕೆ ನೀರು ಚಿಮುಕಿಸಿದರೆ ಶಮನ.

ಪಟ್ಟಿ ಸಡಿಲವಾದರೆ ಜಾರಿದಾಗಲೆಲ್ಲ ಅಂಕಿ ನೆಗೆಯುತ್ತದೆ. ಎಲಾಸ್ಟಿಕ್ ಸೋತದ್ದಕ್ಕೆ ವೈದ್ಯರು ಟೈಲರುಗಳು. ಬದಿಯಡ್ಕ ಪೇಟೆಯಲ್ಲಿ ನಡೆದ ಸಂವಾದ ಹೀಗಿದೆ.

"ಇದೆಂತದು ಮಾಷ್ಟ್ರೇ, ಬೆಲ್ಟಾ ಬಾಡಿಯಾ?"

"ಹೃದಯ ಎಣಿಸುದು ಮಾರಾಯ. ಎಲಾಸ್ಟಿಕ್ ಹೋಗಿದೆ."

"ಎಷ್ಟು ಬಿಗಿ ಬೇಕು?"

"ಎರಡು ಬೆರಳು ಹೋಗ್ಬೇಕು, ಮೂರನೇದು ಹೋಗ್ಬಾರದು."

"ಬೆರಳು ನಿಮ್ಮದಾ ನನ್ನದಾ?"

ಮಾನದಂಡದ ಬಗ್ಗೆ ಇಷ್ಟು ಮೂಲಭೂತವಾದ ಪ್ರಶ್ನೆಯನ್ನು ಯಾವ ಕೈಪಿಡಿಯೂ ಎತ್ತಿಲ್ಲ. ಟೈಲರ್ ಹಿಂಬದಿಯ ಬಟ್ಟೆಯನ್ನಷ್ಟೇ ಬದಲಿಸಿದರು, ತೇಪೆಯ ಹತ್ತಿರಕ್ಕೆ ಸೂಜಿ ಹೋಗಲಿಲ್ಲ. ಅದೇ ಸರಿಯಾದ ಕ್ರಮ.

ಅಳಿದ ಜಾತಿಯೊಂದನ್ನು ಹೆಸರಿಗಾದರೂ ಹೇಳಬೇಕು. ಬ್ಲೂಟೂತ್ ಬರುವ ಮೊದಲಿನ ಪಟ್ಟಿಗಳು 5 ಕಿಲೋಹರ್ಟ್ಸ್ ಕಾಂತತರಂಗದಲ್ಲಿ ಮಾತಾಡುತ್ತಿದ್ದವು, ನೀರೊಳಗೂ ಕೇಳಿಸುತ್ತಿದ್ದವು. ಪಕ್ಕದಲ್ಲಿ ಓಡುವವನ ಬಡಿತ ನಮ್ಮ ಗಡಿಯಾರಕ್ಕೆ ಬರುವುದೂ, ವಿದ್ಯುತ್ ರೈಲಿನ ತಂತಿಗಳ ಹತ್ತಿರ ಅಂಕಿ ಹುಚ್ಚೇಳುವುದೂ ಅವುಗಳ ಸ್ವಭಾವ. ನಮ್ಮ ಕರಾವಳಿಯ ಹಳಿಗೆ ವಿದ್ಯುತ್ತು ಬರುವಷ್ಟರಲ್ಲಿ ಆ ಜಾತಿಯೇ ಬಹುಮಟ್ಟಿಗೆ ಮರೆಯಾಗಿತ್ತು.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ: ಕೈಗಡಿಯಾರದ ಹಸುರು ದೀಪವೇ ಚರ್ಮದೊಳಗಿನ ರಕ್ತ ನೋಡಿ ಬಡಿತ ಹೇಳುವಾಗ ಪಟ್ಟಿಯ ಗೊಡವೆ ಏಕೆ? ಸಮಾಧಾನ: ಕೂತವರಿಗೆ ಅದು ಸಾಕು. ಓಡುವವರಲ್ಲಿ ನಿಮಿಷಕ್ಕೆ 160, 170 ಹೆಜ್ಜೆಗಳ ಕುಲುಕಾಟವನ್ನೇ ಅದು ಕೆಲವೊಮ್ಮೆ ಹೃದಯವೆಂದು ಹಿಡಿಯುತ್ತದೆ. ಹೆದ್ದಾರಿ 66ರ ಅಗಲೀಕರಣದ ಕಾಲದಲ್ಲಿ ಸರ್ವಿಸ್ ರಸ್ತೆಯ ಜಲ್ಲಿಯ ಮೇಲೆ ಸೈಕಲಿನ ಹಿಡಿಕೆ ಬಿಗಿಹಿಡಿದವರಿಗೆ ಅದು ಎಣಿಸಿಕೊಟ್ಟದ್ದು ಗುತ್ತಿಗೆದಾರರ ಕೆಲಸವನ್ನು.

ಕೊನೆಯ ವರ್ಗ ಕೆಡದ ಪಟ್ಟಿ. ಒದ್ದೆ ಮಾಡಿ, ತೊಳೆದು, ಸೆಲ್ಲು ಬದಲಿಸಿ, ಬಿಗಿದು, ಮನೆಯ ಫೋನುಗಳನ್ನೆಲ್ಲ ಆರಿಸಿದ ಮೇಲೂ ಅಂಕಿ ವಿಚಿತ್ರವಾಗಿಯೇ ಇದ್ದರೆ ಎರಡು ಬೆರಳನ್ನು ಮಣಿಕಟ್ಟಿನ ಮೇಲಿಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು; ತಾಳ ತಪ್ಪುತ್ತಿದೆಯೆನಿಸಿದರೆ ಪೂರ್ತಿ ಒಂದು ನಿಮಿಷ ಎಣಿಸಬೇಕು. ಬೆರಳಿಗೂ ಪಟ್ಟಿಗೂ ತಾಳೆಯಾಗದಿದ್ದರೆ ದೋಷ ಪಟ್ಟಿಯದು, ಗ್ರಂಥವನ್ನು ಮೊದಲಿನಿಂದ ಓದಬಹುದು. ತಾಳೆಯಾದರೆ, ಸುಮ್ಮನೆ ನಿಂತಾಗಲೂ ಬಡಿತ ಓಡುತ್ತಿದ್ದರೆ, ಜೊತೆಗೆ ಎದೆನೋವೋ ತಲೆಸುತ್ತೋ ಇದ್ದರೆ, ಪಟ್ಟಿ ನಿಜವನ್ನೇ ಹೇಳುತ್ತಿದೆ. ಕಾಸರಗೋಡಿನಲ್ಲಿ ಹೃದಯದ ಮಾತು ಬಂದರೆ ಹೆಚ್ಚಿನವರ ಬಾಯಲ್ಲಿ ಐವತ್ತು ಕಿಲೋಮೀಟರು ದೂರದ ಮಂಗಳೂರೇ ಬರುತ್ತದೆ. ಆದರೆ ಮೊದಲು ಸೇರಬೇಕಾದದ್ದು ಹತ್ತಿರದ ಆಸ್ಪತ್ರೆ, ಅದೂ ತುಳಿದುಕೊಂಡಲ್ಲ, ವಾಹನದಲ್ಲಿ. ಸೈಕಲನ್ನು ಯಾವುದಾದರೂ ಅಂಗಡಿಯ ಬದಿಗೆ ಒರಗಿಸಿ ಹೋಗಬೇಕು. ಆಮೇಲೆ ಯಾರನ್ನಾದರೂ ಕಳಿಸಿ ತರಿಸಿಕೊಂಡರಾಯಿತು.